ಲಾನ್ ಮೋವರ್ ಗುಂಯ್ ಅನ್ನುತ್ತದೆ, ಬ್ಲೇಡ್ ತಿರುಗಲ್ಲ. ಮೋಟರ್ ಸುಟ್ಟಿದೆಯಾ?

ಮೂಡಿಗೆರೆ ಕಡೆಯ ನಿಮ್ಮ ಹೋಂಸ್ಟೇಯ ಎಲೆಕ್ಟ್ರಿಕ್ ಮೋವರ್ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿತ್ತು, ಈಗ ತೆಗೆದು ಸ್ವಿಚ್ ಒತ್ತಿದರೆ ಬರೀ ಗುಂಯ್ ಅನ್ನುತ್ತದೆ, ಒಂದೆರಡು ಸಲ ಆರ್‌ಸಿಸಿಬಿಯೂ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬಿತ್ತು, ಅಂಗಡಿಯವರು ರೀವೈಂಡಿಂಗ್ (ಮೋಟರಿನ ತಾಮ್ರದ ತಂತಿ ಹೊಸದಾಗಿ ಸುತ್ತಿಸುವುದು) ಮಾಡಿಸಿ ಅಂದರು ಎಂದು ಬರೆದಿದ್ದೀರಿ. ಈಗಲೇ ರೀವೈಂಡಿಂಗಿಗೆ ಕೊಡಬೇಡಿ. ಗುಂಯ್ ಅನ್ನುತ್ತಿದೆ ಅಂದರೆ ಕೇಬಲ್, ಸ್ವಿಚ್ ದಾಟಿ ಕರೆಂಟ್ ಕಾಯಿಲಿಗೆ ಹೋಗುತ್ತಿದೆ. ಇನ್ನು ಮೊದಲು ನೋಡಬೇಕಾದ ಅನುಮಾನ ಮೂರು: ಶಾಫ್ಟ್ (ಬ್ಲೇಡ್ ತಿರುಗಿಸುವ ಕಂಬಿ) ಬಿಗಿಯಾಗಿದೆ, ವೋಲ್ಟೇಜ್ ಸಾಲುತ್ತಿಲ್ಲ, ಇಲ್ಲವೇ ಮೋಟರಿಗೆ ತಿರುಗಲು ಮೊದಲ ನೂಕು ಕೊಡುವ ಕಂಡೆನ್ಸರ್ ಹೋಗಿದೆ. ಮೂರನ್ನೂ ಮನೆಯಲ್ಲೇ ನೋಡಬಹುದು.

ಅಲ್ಲಿಯವರೆಗೆ ಒಂದು ಕೆಲಸ ಮಾತ್ರ ಮಾಡಲೇಬೇಡಿ. ತಿರುಗದ ಮೋಟರಿಗೆ ಸ್ವಿಚ್ ಒತ್ತಿ ಹಿಡಿಯಬೇಡಿ. ನಿಂತ ಮೋಟರ್ ಓಡುವ ಮೋಟರಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ತಣ್ಣಗಾಗಿಸುವ ಫ್ಯಾನೂ ತಿರುಗುತ್ತಿರುವುದಿಲ್ಲ, ತಂತಿಯ ವಾರ್ನಿಶ್ ಬೇಗ ಸುಡುತ್ತದೆ. ಸಣ್ಣ ಖರ್ಚಿನಲ್ಲಿ ಮುಗಿಯಬೇಕಾದ ರಿಪೇರಿ ರೀವೈಂಡಿಂಗಿಗೆ ಹೋಗುವುದು ಹೆಚ್ಚಾಗಿ ಹೀಗೆಯೇ. ಎರಡು ಸೆಕೆಂಡಿನಲ್ಲಿ ತಿರುಗದಿದ್ದರೆ ಬಿಟ್ಟುಬಿಡಿ. ಬ್ಲೇಡನ್ನು ಕೋಲಿನಿಂದ ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ.

ಪ್ಲಗ್ ಕಿತ್ತು ನಿಮ್ಮ ಕಣ್ಣೆದುರೇ ಇಟ್ಟುಕೊಂಡು ಮೋವರನ್ನು ಪಕ್ಕಕ್ಕೆ ಮಲಗಿಸಿ. ದಪ್ಪ ಗ್ಲೌಸ್ ಹಾಕಿ ಬ್ಲೇಡನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ಒಂದೆರಡು ಸುತ್ತು ಬರಬೇಕು. ಬರದಿದ್ದರೆ ಹಳೆಯ ಒದ್ದೆ ಹುಲ್ಲು ಡೆಕ್ಕಿನೊಳಗೆ (ಬ್ಲೇಡಿನ ಮೇಲಿನ ಮುಚ್ಚಳ) ಒಣಗಿ ಗಟ್ಟಿ ಹಿಡಿದಿರುತ್ತದೆ, ಅಥವಾ ಶಾಫ್ಟಿಗೆ ದಾರ, ಬಳ್ಳಿ ಸುತ್ತಿಕೊಂಡಿರುತ್ತದೆ. ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ, ಪೈಪಿನಿಂದ ನೀರು ಹೊಡೆಯಬೇಡಿ. ಎಲ್ಲ ತೆಗೆದ ಮೇಲೂ ಗರಗರ ಅಂದರೆ ಬೇರಿಂಗ್ ತುಕ್ಕು ಹಿಡಿದಿದೆ. ಅದರ ಮೇಲೆ ಕೆತ್ತಿರುವ ನಂಬರ್ ಬರೆದುಕೊಂಡು ಹೋದರೆ ಹಾಸನ, ಚಿಕ್ಕಮಗಳೂರಿನ ಬೇರಿಂಗ್ ಅಂಗಡಿಗಳಲ್ಲೇ ಕೇಳಬಹುದು. ನಂಬರಿನ ಕೊನೆಯಲ್ಲಿ ಝಡ್‌ಝಡ್ ಇದ್ದರೂ ನೀವು 2ಆರ್‌ಎಸ್ ಕೇಳಿ. ಝಡ್‌ಝಡ್‌ಗೆ ತಗಡಿನ ಮುಚ್ಚಳ, 2ಆರ್‌ಎಸ್‌ಗೆ ರಬ್ಬರ್ ಸೀಲ್. ಮಲೆನಾಡಿನ ತೇವಕ್ಕೆ ರಬ್ಬರೇ ಸರಿ.

ಬ್ಲೇಡ್ ಸಲೀಸಾಗಿ ತಿರುಗಿದರೆ ವೋಲ್ಟೇಜ್ ನೋಡಿ. ಮೋವರನ್ನು ನೆಟ್ಟಗೆ ನಿಲ್ಲಿಸಿ, ಉದ್ದದ ಎಕ್ಸ್‌ಟೆನ್ಶನ್ ಬಿಟ್ಟು, ಮೀಟರ್ ಬೋರ್ಡಿಗೆ ಹತ್ತಿರದ 16 ಆಂಪ್ ಸಾಕೆಟ್ಟಿಗೆ ನೇರ ಹಾಕಿ ಒಮ್ಮೆ ಒತ್ತಿ. ತಿರುಗಿತಾ? ಹಾಗಾದರೆ ಮೋವರಿಗೆ ಏನೂ ಆಗಿಲ್ಲ, ತಪ್ಪು ವೈರಿನದು. 1400 ವ್ಯಾಟಿನ ಮೋಟರ್ ಓಡುವಾಗ ಸುಮಾರು 6 ಆಂಪ್ ಎಳೆಯುತ್ತದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 0.75 ಸ್ಕ್ವೇರ್ ಎಂಎಂ ವೈರ್ 50 ಮೀಟರ್ ಎಳೆದರೆ ಹೋಗಿ ಬರುವ ದಾರಿ 100 ಮೀಟರ್, ರೆಸಿಸ್ಟೆನ್ಸ್ ಸುಮಾರು 2.6 ಓಮ್. ಓಡುವಾಗಲೇ 15 ವೋಲ್ಟ್ ಅಲ್ಲಿ ಹೋಯಿತು. ಸ್ಟಾರ್ಟ್ ಆಗುವಾಗ 25 ಆಂಪ್ ಎಳೆದರೆ 65 ವೋಲ್ಟ್ ಬೀಳುತ್ತದೆ. ಇಂಡಕ್ಷನ್ ಮೋಟರಿನ (ಕಾರ್ಬನ್ ಬ್ರಷ್ ಇಲ್ಲದ ಮೋಟರ್) ಎಳೆತ, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ ಅನುಗುಣ. 230ರ ಬದಲು 165 ಸಿಕ್ಕರೆ ಎಳೆತ ಅರ್ಧಕ್ಕೆ ಇಳಿಯುತ್ತದೆ, ಮೋಟರ್ ಗುಂಯ್ ಅಂತ ನಿಲ್ಲುತ್ತದೆ. 20 ಮೀಟರ್ ಒಳಗೆ 1.5 ಸ್ಕ್ವೇರ್ ಎಂಎಂ, 50 ಮೀಟರಿಗೆ 2.5 ಸ್ಕ್ವೇರ್ ಎಂಎಂ ತಾಮ್ರದ ರಬ್ಬರ್ ಕೇಬಲ್ ಹಾಕಿ. ಡ್ರಮ್ಮಿಗೆ ಸುತ್ತಿದ ಕೇಬಲ್ ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿದ್ದಂತೆಯೇ ಬಳಸಿದರೆ ಒಳಗೊಳಗೇ ಬಿಸಿಯಾಗಿ ಕರಗುತ್ತದೆ. ಕಾಫಿ ಕುಯ್ಲಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಫೆಬ್ರವರಿ-ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಪಂಪು ಒಟ್ಟಿಗೆ ಓಡುವ ಹೊತ್ತಿನಲ್ಲಿ ಲೈನೇ 190ಕ್ಕೆ ಇಳಿದಿದ್ದರೆ ಹುಲ್ಲು ಕತ್ತರಿಸುವುದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.

ಹತ್ತಿರದ ಸಾಕೆಟ್ಟಿನಲ್ಲೂ ಗುಂಯ್ ಅಂದರೆ, ನಿಮ್ಮ ವಿವರಣೆ ನೋಡಿದರೆ ಬಹುತೇಕ ಕಂಡೆನ್ಸರ್. ಪ್ಲಗ್ ಕಿತ್ತು ಮೋಟರ್ ಕವರ್ ಬಿಚ್ಚಿದರೆ ಎರಡು ವೈರ್ ಇರುವ ಬಿಳಿ ಅಥವಾ ಕಪ್ಪು ಡಬ್ಬಿ ಕಾಣುತ್ತದೆ. ಮುಟ್ಟುವ ಮೊದಲು ಅದರ ಚಾರ್ಜ್ ಇಳಿಸಬೇಕು, ಪ್ಲಗ್ ಕಿತ್ತ ಮೇಲೂ ಅದು ಹೊಡೆಯಬಹುದು. ಹೋಲ್ಡರಿಗೆ ಹಾಕಿದ ಹಳೆಯ 60 ವ್ಯಾಟಿನ ತಂತಿ ಬಲ್ಬಿನ (ಎಲ್‌ಇಡಿ ಅಲ್ಲ) ಎರಡು ವೈರುಗಳನ್ನು ಟರ್ಮಿನಲ್ಲುಗಳಿಗೆ ಕೆಲವು ಸೆಕೆಂಡ್ ತಾಗಿಸಿ ಹಿಡಿಯಿರಿ, ಬೆರಳು ಇನ್ಸುಲೇಶನ್ ಮೇಲೇ ಇರಲಿ. ಆಮೇಲೆ ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟೇಜ್ ಸೊನ್ನೆ ಬಂದಿದೆಯಾ ನೋಡಿ. ಎರಡು ವೈರ್ ತಾಗಿಸಿ ಕಿಡಿ ನೋಡಿ "ಚೆನ್ನಾಗಿದೆ" ಅನ್ನುವ ರೂಢಿ ಇದೆ. ಕಿಡಿ ಹೇಳುವುದು ಚಾರ್ಜ್ ನಿಲ್ಲುತ್ತದೆ ಅಂತ ಮಾತ್ರ, ಎಷ್ಟು ಮೈಕ್ರೋಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಉಳಿದಿದೆ ಅಂತ ಹೇಳುವುದಿಲ್ಲ. ಕೆಪಾಸಿಟೆನ್ಸ್ ಅಳೆಯುವ ಮೀಟರ್ ಬೇಕು. ಒಂದು ವೈರ್ ಬಿಚ್ಚಿ ಅಳೆಯಿರಿ. ಡಬ್ಬಿಯ ಮೇಲೆ 20 ಮೈಕ್ರೋಫ್ಯಾರಡ್, ±5% ಅಂತ ಇದ್ದರೆ 19ರಿಂದ 21ರ ಒಳಗೆ ಬರಬೇಕು. 19ಕ್ಕಿಂತ ಕೆಳಗೆ ಬಂದರೆ ಬದಲಿಸಿ. ಹೊಟ್ಟೆ ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ ಅಳೆಯುವ ಅಗತ್ಯವೂ ಇಲ್ಲ.

ಹೊಸದು ತರುವಾಗ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು. ಜಾಸ್ತಿ ಹಾಕಿದರೆ ಎಳೆತ ಜಾಸ್ತಿ ಎಂದು ಕೆಲವರು ಹೇಳುತ್ತಾರೆ, ಆದರೆ ಸ್ಟಾರ್ಟಿಂಗ್ ಕಾಯಿಲಿನಲ್ಲಿ ಸದಾ ಹೆಚ್ಚು ಕರೆಂಟ್ ಹರಿದು ಅದು ಬಿಸಿಯಾಗಿ ಹೋಗುತ್ತದೆ. ವೋಲ್ಟೇಜ್ 440 ಎಸಿ ಇದ್ದರೆ 440 ಅಥವಾ ಅದಕ್ಕಿಂತ ಮೇಲಿನದು ನಡೆಯುತ್ತದೆ, ಕಡಿಮೆಯದು ನಡೆಯುವುದಿಲ್ಲ. ಫ್ಯಾನ್ ಕಂಡೆನ್ಸರ್ 2.5 ಅಥವಾ 3.15 ಮೈಕ್ರೋಫ್ಯಾರಡಿನದು, ಅದು ಇಲ್ಲಿ ಉಪಯೋಗಕ್ಕಿಲ್ಲ. ಬಿಚ್ಚುವ ಮೊದಲು ಫೋನಿನಲ್ಲಿ ವೈರಿಂಗಿನ ಫೋಟೋ ತೆಗೆದಿಡಿ.

ಕವರ್ ಬಿಚ್ಚಿದ್ದಾಗಲೇ ವೈಂಡಿಂಗನ್ನೂ ನೋಡಿಬಿಡಿ. ಮೋಟರಿನಿಂದ ಬರುವ ಮೂರು ವೈರುಗಳನ್ನು ಬಿಡಿಸಿ ಎರಡೆರಡಾಗಿ ಓಮ್ ಅಳೆದರೆ ಮೂರು ಅಂಕಿ ಸಿಗುತ್ತವೆ. ದೊಡ್ಡದು ಉಳಿದೆರಡರ ಮೊತ್ತಕ್ಕೆ ಸಮ ಇರಬೇಕು, ಉದಾಹರಣೆಗೆ 4, 7, 11. ಹಾಗಿದ್ದರೆ ಕಾಯಿಲ್ ಕಡಿದಿಲ್ಲ. ಯಾವುದಾದರೂ ಜೋಡಿಯಲ್ಲಿ ಓಪನ್ ತೋರಿಸಿದರೆ ಕಡಿದಿದೆ.

ಸ್ವಿಚ್ ಒತ್ತಿದರೆ ಸದ್ದೇ ಇಲ್ಲದೆ ಸತ್ತಂತಿರುವ ಮೋವರಿನ ಕಥೆ ಬೇರೆ. ಅಲ್ಲಿ ಮೊದಲು ಹಿಡಿಯ ಸ್ವಿಚ್ ಬಾಕ್ಸ್ ಬಿಚ್ಚಿ. ಮಳೆಗಾಲದಲ್ಲಿ ಇರುವೆ ಗೂಡು ಕಟ್ಟಿ ಕಾಂಟ್ಯಾಕ್ಟ್ ಸೇರದಂತೆ ಮಾಡಿರುತ್ತವೆ, ಹಿಡಿ ಮಡಚುವ ಜಾಗದಲ್ಲಿ ವೈರ್ ಒಳಗೇ ತುಂಡಾಗಿರುತ್ತದೆ. ಕಾರ್ಬನ್ ಬ್ರಷ್ ಇರುವ ಮೋಟರಾದರೆ ಬ್ರಷ್ ಸವೆದು 6 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ಜೋಡಿಯಾಗಿಯೇ ಬದಲಿಸಿ. ಕಮ್ಯುಟೇಟರ್ (ಬ್ರಷ್ ತಾಗಿ ತಿರುಗುವ ತಾಮ್ರದ ಉರುಳೆ) ಉಜ್ಜಲು ನಯವಾದ ಉಪ್ಪುಕಾಗದ ಸಾಕು, ಎಮರಿ ಬೇಡ, ಅದರ ಪುಡಿ ಸೀಳುಗಳಲ್ಲಿ ಕೂತು ಶಾರ್ಟ್ ಮಾಡುತ್ತದೆ.

ಆರ್‌ಸಿಸಿಬಿ ಬಿದ್ದದ್ದನ್ನು ಲಘುವಾಗಿ ತೆಗೆದುಕೊಳ್ಳಬೇಡಿ, ಅದನ್ನು ಬೈಪಾಸ್ ಮಾಡಿ ಓಡಿಸಬೇಡಿ. 30 ಮಿಲಿ ಆಂಪಿನದು ಬಿದ್ದಿದೆ ಅಂದರೆ ಎಲ್ಲೋ ಕರೆಂಟ್ ನೆಲಕ್ಕೆ ಸೋರುತ್ತಿದೆ. ಎರಡು ಪಿನ್ನಿನ (ಅರ್ಥ್ ವೈರ್ ಇಲ್ಲದ) ಮೋವರಾದರೆ ಮೊದಲ ಅನುಮಾನ ಒದ್ದೆ ಹುಲ್ಲಿನ ಮೇಲೆ ಬಿದ್ದಿದ್ದ ಎಕ್ಸ್‌ಟೆನ್ಶನ್ ಸಾಕೆಟ್ ಮೇಲೆ, ಆಮೇಲೆ ಇಲಿ ಕಡಿದ ಕೇಬಲ್ ಮೇಲೆ. ಎರಡೂ ಸರಿಯಿದ್ದರೆ ಮೋಟರ್ ತೇವ ಹೀರಿರಬಹುದು. ಕವರ್ ತೆಗೆದು ಎರಡು ದಿನ ಒಳ್ಳೆಯ ಬಿಸಿಲಿಗಿಡಿ. ಆಮೇಲೆ ವೈಂಡಿಂಗ್ ಅಂಗಡಿಯಲ್ಲಿ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿಸಿ. ವೈಂಡಿಂಗಿಗೂ ಮೋಟರ್ ಬಾಡಿಗೂ ನಡುವೆ 1 ಮೆಗಾಓಮಿಗಿಂತ ಕಡಿಮೆ ಬಂದರೆ ಮೋವರ್ ಓಡಿಸಬೇಡಿ.

ಒಣಗಿಸಿದ ಮೇಲೂ ಮೆಗ್ಗರ್ ಏರದಿದ್ದರೆ, ಅಥವಾ ಆ ಮೂರು ಅಂಕಿಗಳ ಲೆಕ್ಕ ಕೂಡದಿದ್ದರೆ ಮಾತ್ರ ರೀವೈಂಡಿಂಗ್. ಆಗ ಅದೇ ಗೇಜಿನ ತಾಮ್ರದ ತಂತಿ ಎಂದು ಮೊದಲೇ ಹೇಳಿ, ಮೋಟರ್ ಹೇಗೂ ಬಿಚ್ಚಿರುತ್ತದೆ, ಎರಡೂ ಬೇರಿಂಗ್ ಆಗಲೇ ಹಾಕಿಸಿಕೊಳ್ಳಿ.