ಕುಂಬಳೆ, ಕುಮ್ಪಳ ಮತ್ತು ನಿನ್ನ ಅರ್ಜಿ

ಪ್ರಶ್ನೆ: ಸರ್, ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ಹತ್ತರವರೆಗೆ ಕನ್ನಡ ಮಾಧ್ಯಮ. 2024ರಲ್ಲಿ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ನಾಲ್ಕು ವರ್ಷದ ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರಿದೆ, ಈಗ ಮೂರನೇ ವರ್ಷ. ಮೂರಕ್ಕೇ ಮುಗಿಸಿ ಎಂ.ಎಸ್ಸಿ.ಗೆ ಹೋಗಲೋ, ನಾಲ್ಕನೆಯದ್ದೂ ಓದಲೋ? ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವೋ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವೋ? ಜರ್ಮನಿಯಲ್ಲಿರುವ ಮಾವ ಅಲ್ಲಿಗೇ ಬಾ ಎನ್ನುತ್ತಾರೆ. ಅದಕ್ಕೆಂದು ಬರೆದ ಉದ್ದೇಶ ಪತ್ರವನ್ನು ಜೊತೆಗೆ ಇಟ್ಟಿದ್ದೇನೆ, ನೋಡಿ ಹೇಳಿ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ರಜೆಯಲ್ಲಿ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಅರ್ಜಿ ಟೈಪ್ ಮಾಡಲು ಹೋಗುತ್ತೇನೆ. ಅಲ್ಲಿ ಕನ್ನಡ ಪಟ್ಟಿಯ ಹೆಸರುಗಳನ್ನು ಮಲಯಾಳ ಪಟ್ಟಿಯೊಂದಿಗೆ ತಾಳೆ ನೋಡಲು, ಒಂದೊಂದು ಅಕ್ಷರದ ಸಂಖ್ಯೆಗೂ 128 ಕೂಡಿಸುವ ಸಣ್ಣ ಪೈಥಾನ್ ಪ್ರೋಗ್ರಾಂ ಮಾಡಿದ್ದೆ. ಅದೂ ಅರ್ಧಂಬರ್ಧ. ಅದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.
— ಬದಿಯಡ್ಕದ ಓದುಗಾರ್ತಿ

ಉತ್ತರ: ಏನೂ ಇಲ್ಲವಾ ಮಾರಾಯ್ತಿ? ನಿನ್ನ ಕಾಗದದಲ್ಲಿ ನಾನು ಎರಡು ಸಲ ಓದಿದ್ದು ಆ ಕೊನೆಯ ನಾಲ್ಕು ಸಾಲು ಮಾತ್ರ.

ಉದ್ದೇಶ ಪತ್ರದ ಮೊದಲ ಸಾಲು, 'ಬಾಲ್ಯದಿಂದಲೂ ನನಗೆ ಕಂಪ್ಯೂಟರಿನ ಬಗ್ಗೆ ಅಪಾರ ಕುತೂಹಲ.' ಮೇಷ್ಟ್ರಾಗಿ ಈ ಸಾಲನ್ನು ನಾನು ಎಷ್ಟು ಮಕ್ಕಳ ಪತ್ರದಲ್ಲಿ ಹೊಡೆದು ಹಾಕಿದ್ದೇನೋ ಲೆಕ್ಕ ಇಟ್ಟಿಲ್ಲ. ಎರಡನೇ ಪ್ಯಾರಾದಲ್ಲಿ ಗ್ರಂಥಾಲಯ ನಿರ್ವಹಣೆಯ ಪ್ರಾಜೆಕ್ಟ್. ಅದೂ ಎಲ್ಲರ ಹತ್ತಿರ ಉಂಟು. ಅಕ್ಷಯ ಕೇಂದ್ರದ ಸುದ್ದಿ ಮಾತ್ರ ಎಲ್ಲಿಯೂ ಇಲ್ಲ!

ನೀನು ಮಾಡಿದ್ದು ಏನು ಗೊತ್ತುಂಟಾ? ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ 'ಕ' 3221ನೇ ಸಂಖ್ಯೆ, ಮಲಯಾಳದ 'ಕ' 3349. ಅಂತರ ಸರಿಯಾಗಿ 128. ಭಾರತೀಯ ಲಿಪಿಗಳನ್ನು ಇಸ್ಕಿ ಎಂಬ ನಮ್ಮ ಹಳೆಯ ಸಂಕೇತದ ಅಚ್ಚಿನಲ್ಲೇ ಯೂನಿಕೋಡ್ ಜೋಡಿಸಿದ್ದರಿಂದ ಸಿಕ್ಕಿದ ಅನುಕೂಲ ಇದು. ಅದು ನಿನ್ನ ಕಣ್ಣಿಗೆ ಬಿತ್ತಲ್ಲ, ಅದೇ ದೊಡ್ಡದು. ಆದರೆ ಪ್ರೋಗ್ರಾಂ ಅರ್ಧಂಬರ್ಧ ಆದದ್ದು ಎಲ್ಲಿ? ನಾನು ಊಹಿಸುತ್ತೇನೆ, ಕುಂಬಳೆಯಲ್ಲಿ. ನಾವು ಕುಂಬಳೆ ಎಂದು ಬರೆದರೆ ಮಲಯಾಳದವರು ಬರೆಯುವುದು ಕುಮ್ಪಳ. ನಮ್ಮ ಮಂಜೇಶ್ವರ ಅವರಿಗೆ ಮಞ್ಚೇಶ್ವರಂ. ಅನುನಾಸಿಕದ ಮುಂದೆ ಅವರು ಬರೆಯುವುದು ಪ, ಓದುವುದು ಬ. 128 ಕೂಡಿಸಿದರೆ ಲಿಪಿ ಬದಲಾದೀತು, ಬರೆಯುವ ಕ್ರಮ ಬದಲಾಗುವುದಿಲ್ಲ. ಇನ್ನು ಮಲಯಾಳದ ಚಿಲ್ಲಕ್ಷರಗಳು, ಅಂದರೆ ಸ್ವರ ಸೇರದ ವ್ಯಂಜನಕ್ಕೆ ಇರುವ ಬೇರೆ ಅಕ್ಷರಗಳು. ಅವಕ್ಕೆ ಕನ್ನಡದಲ್ಲಿ ಜೋಡಿಯೇ ಇಲ್ಲ. ಯೂನಿಕೋಡ್ ಅವಕ್ಕೆ ಸ್ವಂತ ಸಂಖ್ಯೆ ಕೊಟ್ಟದ್ದು 2008ರಲ್ಲಿ. ಅದಕ್ಕಿಂತ ಮೊದಲಿನ ಕಡತದಲ್ಲಿ ಅದೇ ಅಕ್ಷರ ಮೂರು ಸಂಕೇತ ಸೇರಿ ಆದದ್ದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ.

ಪತ್ರ ಇಲ್ಲಿಂದಲೇ ಶುರುವಾಗಲಿ. ಪಟ್ಟಿ ಎದುರಿಟ್ಟುಕೊಂಡು ಕೂತದ್ದು, 128 ಕಂಡದ್ದು, ಕುಂಬಳೆಯಲ್ಲಿ ಎಡವಿದ್ದು, ಇದನ್ನು ಬಿಡಿಸಲು ಇನ್ನೇನು ಕಲಿಯಬೇಕು ಎಂಬುದು. ಪ್ರೋಗ್ರಾಂ ಸೋತ ಜಾಗವನ್ನು ಮುಚ್ಚಿಡಬೇಡ. ಓದುವ ಪ್ರೊಫೆಸರು ಅಲ್ಲಿಯೇ ನಿಲ್ಲುತ್ತಾರೆ. ಮೊದಲು ಕನ್ನಡದಲ್ಲಿ ಬರೆ, ಆಮೇಲೆ ಗಿಡ್ಡ ಗಿಡ್ಡ ಇಂಗ್ಲಿಷ್ ವಾಕ್ಯ ಮಾಡು. ಶಿಫಾರಸು ಪತ್ರ ಕೊಡುವ ಅಧ್ಯಾಪಕರಿಗೂ ಈ ಪ್ರೋಗ್ರಾಂ ತೋರಿಸು, ಎರಡು ತಿಂಗಳು ಮೊದಲೇ. ಇಲ್ಲದಿದ್ದರೆ ಅವರು 'ವಿದ್ಯಾರ್ಥಿನಿ ಶಿಸ್ತಿನವಳು' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ.

ಅಂದ ಹಾಗೆ ಪೆರಿಯಕ್ಕೆ ಈ ಪತ್ರವೇ ಬೇಡ. 2009ರಲ್ಲಿ ಶುರುವಾದ ಅಲ್ಲಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ-ಪಿಜಿ ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. 75 ಪ್ರಶ್ನೆ, 300 ಅಂಕ, ಸರಿಯಾದರೆ ನಾಲ್ಕು, ತಪ್ಪಿದರೆ ಒಂದು ಕಡಿತ. ಕ್ರಿಸ್‌ಮಸ್, ಹೊಸ ವರ್ಷದ ಆಸುಪಾಸಿನಲ್ಲಿ ಅರ್ಜಿ, ಮಾರ್ಚಿನಲ್ಲಿ ಪರೀಕ್ಷೆ. ನಮ್ಮ ಮಕ್ಕಳು ಮುಗ್ಗರಿಸುವುದು ಪರೀಕ್ಷೆ ಮುಗಿದ ಮೇಲೆ. ಅಂಕ ಬಂತು ಎಂದು ಕಾಯುತ್ತಾ ಕೂರುತ್ತಾರೆ. ಸೀಟಿಗೆ ಆಯಾ ವಿಶ್ವವಿದ್ಯಾಲಯದ ಪೋರ್ಟಲಿನಲ್ಲಿ ಬೇರೆಯೇ ನೋಂದಣಿ ಮಾಡಬೇಕು. ಕೊಣಾಜೆಯ ಎಂ.ಸಿ.ಎ.ಗೆ ಕರ್ನಾಟಕದ ಪ್ರವೇಶ ಪರೀಕ್ಷೆ ಪಿಜಿಸಿಇಟಿ. ಆ ವರ್ಷದ ಪುಸ್ತಿಕೆಯಲ್ಲಿ ಗಡಿನಾಡ ಕನ್ನಡಿಗರ ಕಲಮನ್ನು ಹುಡುಕಿ ಓದು. ಸುರತ್ಕಲ್ಲಿನ ಎನ್‌ಐಟಿಕೆಯ ಎಂ.ಸಿ.ಎ. ಬೇಕಾದರೆ ನಿಮ್ಸೆಟ್ ಎಂಬ ಬೇರೆ ಪ್ರವೇಶ ಪರೀಕ್ಷೆ. ಅದರ ಸಾವಿರ ಅಂಕದಲ್ಲಿ 600 ಗಣಿತದ್ದೇ. ಗಣಿತ ಕಂಡರೆ ಆಗದವರು ಆ ಬಸ್ಸು ಹತ್ತದಿರುವುದು ಒಳ್ಳೆಯದು. ಪೆರಿಯವೋ ಕೊಣಾಜೆಯೋ ಎಂದು ಕೇಳಿದರೆ, ಭಾಷೆ ಮತ್ತು ಕಂಪ್ಯೂಟರ್ ಎರಡನ್ನೂ ಹಿಡಿದ ಅಧ್ಯಾಪಕರು ಎಲ್ಲಿದ್ದಾರೆ ನೋಡಿ ಆ ಕಡೆ ಹೋಗು. ಮನೆಗೆ ಹತ್ತಿರ ಯಾವುದು ಎಂಬುದು ಆಮೇಲಿನ ಮಾತು.

ಮೂರೋ ನಾಲ್ಕೋ? ಬೇರೆ ಯಾರಾದರೂ ಕೇಳಿದ್ದರೆ ಮೂರಕ್ಕೆ ಮುಗಿಸು ಎನ್ನುತ್ತಿದ್ದೆ. ನಿನಗೆ ನಾಲ್ಕು. ಯುಜಿಸಿ ನಿಯಮದಂತೆ ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಇದ್ದವರು ನಾಲ್ಕನೇ ವರ್ಷ ಸಂಶೋಧನೆ ಮಾಡಬಹುದು, ಮತ್ತು ನಿನ್ನ ಕೈಯಲ್ಲಿ ವಿಷಯ ಆಗಲೇ ಉಂಟು. ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳು ಕೇಳುವುದೂ ನಾಲ್ಕು ವರ್ಷದ ಪದವಿಯನ್ನೇ. ನಾಲ್ಕು ಓದಿದವರಿಗೆ ಒಂದೇ ವರ್ಷದ ಸ್ನಾತಕೋತ್ತರಕ್ಕೂ ಯುಜಿಸಿ ದಾರಿ ಮಾಡಿದೆ, ಆ ವಿಭಾಗ ಅಂಥ ಕೋರ್ಸ್ ನಡೆಸುತ್ತಿದ್ದರೆ. ಹೈದರಾಬಾದಿನ ಐಐಐಟಿಯಲ್ಲಿ ಭಾಷಾ ತಂತ್ರಜ್ಞಾನಕ್ಕೆಂದೇ ಸಂಶೋಧನಾ ಕೇಂದ್ರ ಉಂಟು, ಅದನ್ನೂ ಕಣ್ಣಲ್ಲಿ ಇಟ್ಟುಕೊ. ಹಾಗಂತ ಈ ಮಾರ್ಚಿನ ಸಿಯುಇಟಿ ಬಿಡಬೇಡ. ಎರಡು ದೋಣಿಯಲ್ಲಿ ಕಾಲಿಡಬಾರದು ಎನ್ನುತ್ತಾರೆ. ಅರ್ಜಿ ಹಾಕುವ ವರ್ಷ ಇಡಬಹುದು.

ಜರ್ಮನಿಗೆ ಎಪಿಎಸ್ ಪ್ರಮಾಣಪತ್ರ ಬೇಕು, ನಿನ್ನ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವುದು. ಅಲ್ಲಿಯ ಖರ್ಚಿಗೆಂದು ಮೊದಲೇ ಹಣ ಇಡಬೇಕಾದ ಬ್ಲಾಕ್ಡ್ ಅಕೌಂಟಿಗೆ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ ಎಂದು ಇಟ್ಟಿದ್ದಾರೆ. 'ಬಾ' ಎಂದ ಮಾವನ ಹತ್ತಿರ ಈ ಅಂಕಿ ಹೇಳಿ, ಆಮೇಲೆ ಏನೆನ್ನುತ್ತಾರೆ ಕೇಳು.

ಇನ್ನೊಂದು, ನೀನು ಕೇಳದ್ದು. ನಾನು ಗಡಿಯ ತಲಪಾಡಿ ದಾಟಿ ಓದಲು ಹೋದಾಗ ನನ್ನ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನೀಶಿಯಲ್ ಮನೆಯ ಹೆಸರಿನದ್ದು, ಪದವಿಯ ಅಂಕಪಟ್ಟಿಯಲ್ಲಿ ಅಪ್ಪನದ್ದು. ಇಬ್ಬರೂ ಒಬ್ಬನೇ ಎಂದು ಕೌಂಟರಿನಲ್ಲಿ ಒಪ್ಪಿಸಲು ಪೆರ್ಲದಿಂದ ಮೂರು ಸಲ ಬಸ್ಸು ಹತ್ತಿದ್ದೆ. ಮೂರನೇ ಸಲ ಹೋದಾಗ ಮೈಗ್ರೇಶನ್ ಸರ್ಟಿಫಿಕೇಟ್ ಎಲ್ಲಿ ಎಂದರು. ಈಗ ವಿಲೇಜ್ ಆಫೀಸಿನ 'ಒನ್ ಆ್ಯಂಡ್ ಸೇಮ್' ಸರ್ಟಿಫಿಕೇಟ್ ಉಂಟಲ್ಲ, ಅದರ ಅರ್ಜಿಯನ್ನು ನೀನೇ ಊರವರಿಗೆ ಟೈಪ್ ಮಾಡಿ ಕೊಟ್ಟಿರಬಹುದು. ಆಧಾರ್, ಎಸ್ಸೆಸ್ಸೆಲ್ಸಿ, ಪದವಿ ಮೂರರಲ್ಲೂ ನಿನ್ನ ಹೆಸರು ಹೇಗುಂಟು ಎಂದು ಇವತ್ತೇ ತೆಗೆದು ನೋಡು. ಪಾಸ್‌ಪೋರ್ಟಿಗೆ ಹಾಕುವ ಮೊದಲೇ ಸರಿಮಾಡಿಸಿಕೊ.

ಮುಂದಿನ ಕಾಗದದೊಂದಿಗೆ ಪ್ರೋಗ್ರಾಂ ಕಳಿಸು. ಕುಂಬಳೆ ಹೊಂದಿತೋ ಇಲ್ಲವೋ ನನಗೂ ನೋಡಬೇಕು.