ದಾವಣಗೆರೆಯಲ್ಲಿ ಗುಪ್ತ ಗ್ರಾಹಕರ ಕೆಲಸ ಸಿಗುತ್ತದೆಯೇ?

ಗುಪ್ತ ಗ್ರಾಹಕರೆಂದರೆ (ಮಿಸ್ಟರಿ ಶಾಪರ್) ಸಾಮಾನ್ಯ ಗ್ರಾಹಕರಂತೆ ಅಂಗಡಿಗೆ ಹೋಗಿ, ಅಲ್ಲಿನ ಸೇವೆ ಹೇಗಿದೆ ಎಂದು ಕೆಲಸ ಕೊಟ್ಟ ಸಂಸ್ಥೆಗೆ ವರದಿ ಮಾಡುವವರು. ದಾವಣಗೆರೆಯಲ್ಲಿ ಈ ಕೆಲಸ ಸಿಗುತ್ತದೆಯೇ, ನೋಂದಣಿಗೆ ಹಣ ಕೇಳಿದರೆ ಕೊಡಬೇಕೇ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾದ ಸಂಸ್ಥೆ ನಿಮಗೆ ಹಣ ಕೊಡುತ್ತದೆ, ನಿಮ್ಮಿಂದ ಪಡೆಯುವುದಿಲ್ಲ. ಟೆಲಿಗ್ರಾಂನಲ್ಲಿ ‘ಟಾಸ್ಕ್’ ಕೊಡುತ್ತೇವೆ ಎಂದು ಕರೆಯುವವರ ಗೊಡವೆಯೇ ಬೇಡ. ಈಗಾಗಲೇ ಹಣ ಕಳಿಸಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೆಲಸ ಸಿಗುತ್ತದೆ, ಆದರೆ ಬೆಂಗಳೂರಿನಷ್ಟಲ್ಲ. ಬೇರ್ ಇಂಟರ್‌ನ್ಯಾಷನಲ್‌ನಂಥ ಸಂಸ್ಥೆಗಳ ಜಾಲತಾಣದಲ್ಲಿ ನೇರವಾಗಿ ಹೆಸರು ನೋಂದಾಯಿಸಿ. ಒಂದಕ್ಕೇ ಅಂಟಿಕೊಳ್ಳಬೇಡಿ. ಹರಿಹರ, ಚಿತ್ರದುರ್ಗಕ್ಕೂ ಹೋಗಬಲ್ಲೆ ಎಂದು ತಿಳಿಸಿದರೆ ಅವಕಾಶ ಹೆಚ್ಚುತ್ತದೆ. ಬಸ್ ಖರ್ಚು ಯಾರದೆಂದು ಒಪ್ಪಿಕೊಳ್ಳುವ ಮೊದಲೇ ಕೇಳಿಬಿಡಿ.

ಕಷ್ಟವಿರುವುದು ವರದಿಯಲ್ಲಿ. ಉದಾಹರಣೆಗೆ ಮೊಬೈಲ್ ಅಂಗಡಿ: ಒಳಗೆ ಹೋದ ಎಷ್ಟು ಹೊತ್ತಿಗೆ ಮಾತನಾಡಿಸಿದರು, ಬಿಲ್ ತಾವಾಗಿ ಕೊಟ್ಟರೇ, ಕೌಂಟರಿನಲ್ಲಿದ್ದವರ ಎದೆಯ ಮೇಲಿನ ಹೆಸರೇನು, ಎಲ್ಲವೂ ಬೇಕು. ಅಲ್ಲೇ ನಿಂತು ಬರೆದುಕೊಂಡರೆ ಗುಟ್ಟು ರಟ್ಟಾಗುತ್ತದೆ. ಹೊರಬಂದ ಕೂಡಲೇ ಮೊಬೈಲಿನಲ್ಲಿ ಟಿಪ್ಪಣಿ ಮಾಡಿ, ಬಿಲ್ಲಿನ ಚಿತ್ರ ತೆಗೆದಿಡಿ. ಬಿಲ್ ಕಳೆದರೆ ಸಂಭಾವನೆಗೂ ಕುತ್ತು.

ವರದಿ ಒಪ್ಪಿಗೆಯಾದ ಮೇಲೆಯೇ ಹಣ, ಅದಕ್ಕೂ ಕೆಲವು ವಾರ ಹಿಡಿಯಬಹುದು. ಮನೆ ನಡೆಸುವ ಆದಾಯ ಎಂದುಕೊಳ್ಳಬೇಡಿ. ಕೈಖರ್ಚಿಗಾದರೆ ಧಾರಾಳವಾಗಿ ಪ್ರಯತ್ನಿಸಿ.