ಅಬ್ಬಿ ನೀರಿಗೆ ಡ್ರಿಪ್ ಹಾಕೂಕೆ ಪಂಪ್ ಬೇಕಾ?

ಪ್ರಶ್ನೆ: ನಮ್ದು ಶಿರಸಿ ಹತ್ರ 300 ಅಡಿಕೆ ಮರದ ತೋಟ. ಗುಡ್ಡದ ಅಬ್ಬಿಯಿಂದ (ಝರಿಯಿಂದ) ಒಂದಿಂಚಿನ ಪೈಪಲ್ಲಿ ನೀರು ತಂದಿದ್ದೇವೆ, ಪೈಪು ಸುಮಾರು 200 ಮೀಟರ್, ಇಳಿತ 12 ಮೀಟರ್ ಇರಬಹುದು. ಅಂಗಡಿಯಲ್ಲಿ ಕೇಳಿದ್ರೆ ಎರಡಿಂಚಿನ ಪೈಪು ಎಳೀರಿ, ಪಂಪೂ ಬೇಕು ಅಂದ್ರು. ಪಂಪ್ ಇಲ್ದೆ ಆಗೂದಿಲ್ವಾ?

ಉತ್ತರ: ಆಗ್ತದೆ ಮಾರಾಯ್ರೆ. ಆದ್ರೆ ಎಷ್ಟು ನೀರು ಬರ್ತದೆ ಅಂತ ನೀವು ಬರ್ದೇ ಇಲ್ಲ, ನಂಗೆ ಮೊದ್ಲು ಬೇಕಾದ್ದು ಅದೇ. ಡಿಸೆಂಬರಲ್ಲಿ ಎಲ್ಲರ ಅಬ್ಬಿಯೂ ಜೋರೇ, ಆಗಿನ ಲೆಕ್ಕ ಬೇಡ. ಏಪ್ರಿಲ್ ಕೊನೆಗೆ 20 ಲೀಟರ್ ಬಕೆಟ್ ಪೈಪಿನ ಬಾಯಿಗೆ ಹಿಡಿದು ಮೊಬೈಲಲ್ಲಿ ಟೈಮ್ ನೋಡಿ. ತುಂಬೂಕೆ ಎರಡು ನಿಮಿಷ ಬೇಕಾದ್ರೆ ಗಂಟೆಗೆ 600 ಲೀಟರ್ ಆಯ್ತು, ಬೇಸಿಗೆಲಿ ಅಡಿಕೆಗೆ ಡ್ರಿಪ್ಪಲ್ಲಿ ದಿನಕ್ಕೆ ಮರಕ್ಕೆ 16ರಿಂದ 20 ಲೀಟರ್ ಸಾಕು, 300 ಮರಕ್ಕೆ 16ರ ಲೆಕ್ಕದಲ್ಲಿ 4800 ಲೀಟರ್, ಅಂದ್ರೆ ನಿಮ್ಮ ಅಬ್ಬಿ ಎಂಟು ತಾಸಲ್ಲಿ ಕೊಡುವಷ್ಟೇ.

ತೊಂದ್ರೆ ಬರೂದು ಎಲ್ಲ ಮರಕ್ಕೂ ಒಟ್ಟಿಗೇ ಬಿಡೂಕೆ ಹೋದಾಗ. ಮರಕ್ಕೆ ಗಂಟೆಗೆ 4 ಲೀಟರ್ ಹನಿಸೋ ಎರಡು ಡ್ರಿಪ್ಪರ್ ಅಂದ್ರೆ ಗಂಟೆಗೆ 2400 ಲೀಟರ್ ಬೇಕು, ಅಬ್ಬಿಲಿ ಅಷ್ಟಿಲ್ಲ, ಇದ್ರೂ ಒಂದಿಂಚಿನ ಪೈಪಲ್ಲಿ 200 ಮೀಟರ್ ಬರೂದ್ರೊಳಗೆ ಆ 12 ಮೀಟರ್ ಪ್ರೆಶರ್ ಪೂರ್ತಿ ಪೈಪಿನ ತಿಕ್ಕಾಟಕ್ಕೇ ಹೋಗ್ತದೆ, ಅಂಗಡಿಯವ್ರು ಎರಡಿಂಚು ಅಂದಿದ್ದು ಅದ್ಕೇ, ಆ ಲೆಕ್ಕ ತಪ್ಪಲ್ಲ. ಆದ್ರೆ ತೋಟವನ್ನ 75 ಮರದ ನಾಲ್ಕು ಭಾಗ ಮಾಡಿ, ಒಂದೊಂದಕ್ಕೆ ಒಂದು ಗೇಟ್ ವಾಲ್ವ್ ಹಾಕಿ, ಎರಡೆರಡು ತಾಸು ಬಿಟ್ರೆ ಅದೇ ಪೈಪಲ್ಲಿ ನಷ್ಟ ಆಗೂದು ಆ 12 ಮೀಟರಲ್ಲಿ ಒಂದು-ಒಂದೂವರೆ ಮೀಟರ್ ಅಷ್ಟೇ. ಹತ್ತು ಮೀಟರ್ ಇಳಿತಕ್ಕೆ ಹತ್ತಿರಹತ್ತಿರ ಒಂದು ಕೆಜಿ ಪ್ರೆಶರ್, ಡ್ರಿಪ್ಪರಿಗೆ ಬೇಕಾದ್ದೂ ಅಷ್ಟೇ. ಪಂಪಿನ ದುಡ್ಡು ಉಳೀತು, ಕರೆಂಟು ಹೋಯ್ತು ಅನ್ನೋ ಗೋಳೂ ಇಲ್ಲ.

ಆ ದುಡ್ಡಲ್ಲಿ ಒಂದು ಒಳ್ಳೆ ಫಿಲ್ಟರ್ ತಗೊಳ್ಳಿ, ಡಿಸ್ಕ್ ಫಿಲ್ಟರ್ ಆದ್ರೆ ಒಳ್ಳೇದು. ಅಬ್ಬಿ ನೀರು ಕಣ್ಣಿಗೆ ಕನ್ನಡಿ ಹಾಗೆ ಕಂಡ್ರೂ ಎಲೆ ಚೂರು, ಮರಳು, ಪಾಚಿ ಎಲ್ಲ ಬರ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನ ಕಡೆ ಕಬ್ಬಿಣದ ಅಂಶ ಇದ್ರಂತೂ ಡ್ರಿಪ್ಪರ್ ಬಾಯಲ್ಲಿ ಕೆಂಪು ಲೋಳೆ ಕಟ್ತದೆ, ಅದನ್ನ ಫಿಲ್ಟರ್ ತಡೆಯೂದಿಲ್ಲ, ಹಾಗಿದ್ರೆ ನೀರು ಮೊದ್ಲು ಒಂದು ಟ್ಯಾಂಕಿಗೆ ಮೇಲಿಂದ ಬಿದ್ದು, ನಿಂತು, ಕೆಸರು ಕೆಳಗೆ ಕೂತು ಬರ್ಲಿ. ಟ್ಯಾಂಕನ್ನೂ ಇಳಿಜಾರಿನ ಮೇಲೇ ಇಡಿ, ಕೆಳಗಿಟ್ರೆ ಇದ್ದ ಪ್ರೆಶರೂ ಹೋಯ್ತು. ಮುಚ್ಚಳ ಹಾಕಿ, ಬಿಸಿಲು ಬಿದ್ರೆ ಪಾಚಿ. ವಾರಕ್ಕೊಮ್ಮೆ ಲ್ಯಾಟರಲ್ (ಮರದ ಸಾಲಿಗೆ ಹೋಗೂ, ಡ್ರಿಪ್ಪರ್ ಇರೂ ಸಣ್ಣ ಪೈಪ್) ತುದಿಯ ಎಂಡ್ ಕ್ಯಾಪ್ ಬಿಚ್ಚಿ ನೀರು ಹಾಯ್ಸಿ, ಮೊದ್ಲು ಬರೂ ಚಾ ಬಣ್ಣದ ನೀರು ನೋಡಿದ್ರೆ ನಾನು ಯಾಕೆ ಹೇಳ್ದೆ ಅಂತ ಗೊತ್ತಾಗ್ತದೆ.

ಸಬ್ಸಿಡಿ ಬೇಕಾದ್ರೆ ಪೈಪ್ ತರೂಕೆ ಮೊದ್ಲೇ ತೋಟಗಾರಿಕೆ ಇಲಾಖೆಗೆ ಹೋಗಿ.

ಪ್ರಶ್ನೆ: ಕಾರವಾರದಲ್ಲಿ ಮನೆ ಹಿಂದೆ ಐದು ತೆಂಗು, ಎರಡು ಚಿಕ್ಕು, ಸ್ವಲ್ಪ ಮಲ್ಲಿಗೆ. ಉಸುಕು ಮಣ್ಣು. ಟೆರೇಸ್ ಟ್ಯಾಂಕಿಂದ ಡ್ರಿಪ್ ನಡೀತದಾ? ಮೇ ತಿಂಗಳಲ್ಲಿ ಬಾವಿ ನೀರು ಸ್ವಲ್ಪ ಉಪ್ಪಾಗ್ತದೆ.

ಉತ್ತರ: ನಡೀತದೆ ಅಕ್ಕಾ, ಇಷ್ಟು ಸಣ್ಣ ಜಾಗಕ್ಕೆ ಟೆರೇಸ್ ಎತ್ತರ ಸಾಕು, ಡ್ರಿಪ್ಪರ್ ತನ್ನ ಮೇಲೆ ಬರ್ದದ್ದಕ್ಕಿಂತ ಸ್ವಲ್ಪ ಕಮ್ಮಿ ಹನಿಸ್ತದೆ ಅಷ್ಟೇ, ಇನ್ನೊಂದರ್ಧ ತಾಸು ಬಿಡಿ. ಉಸುಕಲ್ಲಿ ನೀರು ಅಗಲಕ್ಕೆ ಹರಡೂದಿಲ್ಲ, ಸೀದಾ ಕೆಳಗಿಳೀತದೆ, ಅದ್ಕೆ ತೆಂಗಿಗೆ ಒಂದೇ ಡ್ರಿಪ್ಪರ್ ಇಟ್ಟು ಕೂರ್ಬೇಡಿ, ಬುಡದಿಂದ ಒಂದು ಮೀಟರ್ ದೂರಕ್ಕೆ ಸುತ್ತಲೂ ನಾಲ್ಕರಿಂದ ಆರು ಇಡಿ, ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪ ಬಿಡಿ. ಉಪ್ಪು ಒದ್ದೆ ಜಾಗದ ಅಂಚಿಗೆ ಬಂದು ಕೂರ್ತದೆ, ಅದನ್ನ ಜೂನ್ ಮಳೆ ತೊಳೀತದೆ. ತೆಂಗು ಸುಮಾರು ತಡ್ಕೊಳ್ತದೆ. ಮಲ್ಲಿಗೆಗೆ ಮಾತ್ರ ಆ ನೀರು ಬೇಡ.

ಪ್ರಶ್ನೆ: ಹಂದಿ ಪೈಪ್ ಕಡೀತಾವೆ. ಮಣ್ಣಲ್ಲಿ ಹುಗಿದ್ರೆ ಆಗ್ತದಾ?

ಉತ್ತರ: ಮೇನ್ ಪೈಪ್ ಹುಗೀರಿ. ಲ್ಯಾಟರಲ್ ಬೇಡ, ಡ್ರಿಪ್ಪರ್ ಬಾಯಿಗೆ ಮಣ್ಣು, ಬೇರು ಹೊಕ್ಕಿದ್ರೆ ಮರ ಬಾಡೂವರೆಗೂ ಗೊತ್ತಾಗೂದಿಲ್ಲ. ದರಕು (ಒಣ ಎಲೆ) ಮುಚ್ಚಿ ಬಿಡಿ, ಬಿಸಿಲಿಂದ್ಲೂ ಬಚಾವ್. ಹಂದಿಗಿಂತ ಜಾಸ್ತಿ ಪೈಪ್ ಕೊಯ್ಯೂದು ಕಳೆ ಹೊಡೆಯೋ ಮಷಿನ್ನು, ಆ ದಿನ ಲ್ಯಾಟರಲ್ ಸುತ್ತಿ ಮರದ ಬುಡಕ್ಕೆ ಎತ್ತಿಡಿ, ಕಿಸೆಯಲ್ಲಿ ನಾಲ್ಕು 16 ಎಂಎಂ ಜಾಯಿನರ್ ಇರ್ಲಿ.